ಬುಕ್‌ಶೆಲ್ಫ್ ಸ್ಪೀಕರ್: ಫರ್ಸಿ ಹಾಕಿದ ಮನೆಗೆ ಯಾವುದು ಹೊಂದುತ್ತದೆ?

ಮನೆಯಲ್ಲಿ ಹಾಡು ಕೇಳಲು ಒಂದು ಜೋಡಿ ಬುಕ್‌ಶೆಲ್ಫ್ ಸ್ಪೀಕರ್ ತಗೋಬೇಕು, ಯಾವುದು ತಗೊಳ್ಳಲಿ? ಹೀಗೆ ಕೇಳುವವರು ಈಗ ಬೆಳಗಾವಿ, ಬಾಗಲಕೋಟೆ, ವಿಜಯಪುರದ ಕಡೆಯೂ ಬಹಳ ಜನ. ಬುಕ್‌ಶೆಲ್ಫ್ ಸ್ಪೀಕರ್ ಅಂದರೆ ಕಪಾಟು, ಮೇಜಿನ ಮೇಲೆ ಇಡುವಷ್ಟು ಸಣ್ಣ ಪೆಟ್ಟಿಗೆಯ ಸ್ಪೀಕರ್. ಕೇಳುವ ಹೊತ್ತಿಗೆ ಅವರ ಬಳಿ ನಾಲ್ಕೈದು ಹೆಸರು ಆಗಲೇ ಇರುತ್ತವೆ. ಎಡಿಫೈಯರ್ ಒಳ್ಳೇದಾ, ಪೋಲ್ಕ್ ಒಳ್ಳೇದಾ, ಆಂಪ್ಲಿಫೈಯರ್ ಬೇರೆ ತರಬೇಕಾ, ಬ್ಲೂಟೂತ್ ಇಲ್ಲದಿದ್ದರೆ ನಡೆಯುತ್ತಾ? ರಿವ್ಯೂ ನೋಡಿದಷ್ಟೂ ಗೊಂದಲ ಜಾಸ್ತಿ. ಯಾಕೆಂದರೆ ಆ ರಿವ್ಯೂಗಳಲ್ಲಿ ನಿಮ್ಮ ಮನೆ ಇರುವುದಿಲ್ಲ. ಕಾರ್ಪೆಟ್ ಹಾಸಿದ, ದಪ್ಪ ಸೋಫಾ ಇರುವ ಕೋಣೆಯಲ್ಲಿ ಕೂತು ಹೇಳಿದ ಮಾತು ಫರ್ಸಿ, ಅಂದರೆ ನೆಲಗಲ್ಲು, ಹಾಕಿದ ನಮ್ಮ ಪಡಸಾಲೆಗೆ ಪೂರ್ತಿ ಹೊಂದುವುದಿಲ್ಲ.

ಅದಕ್ಕೇ ಹೆಸರುಗಳನ್ನು ಸ್ವಲ್ಪ ಬದಿಗಿಟ್ಟು, ಏನೇನು ನೋಡಬೇಕು ಎಂಬುದರಿಂದ ಶುರು ಮಾಡೋಣ. ಅದು ಸ್ಪಷ್ಟವಾದರೆ ಪಟ್ಟಿ ತಾನಾಗಿ ಎರಡು ಹೆಸರಿಗೆ ಇಳಿಯುತ್ತದೆ.

ಕೋಣೆ, ಗೋಡೆ, ಕೂಡುವ ಜಾಗ

ಗೋಳಗುಮ್ಮಟದ ಮೇಲಿನ ಗ್ಯಾಲರಿಯಲ್ಲಿ ಒಂದು ಚಪ್ಪಾಳೆ ಹೊಡೆದರೆ ಅದು ಹಲವು ಸಲ ತಿರುಗಿ ಬರುತ್ತದೆ. 1656ರ ಆ ಕಟ್ಟಡದೊಳಗೆ ದನಿಯನ್ನು ಹೀರಿಕೊಳ್ಳುವಂಥದ್ದು ಏನೂ ಇಲ್ಲ. ಗಟ್ಟಿ ಗೋಡೆ, ಮೇಲೆ ಗುಮ್ಮಟ, ಅಷ್ಟೇ. ನಮ್ಮ ಈಗಿನ ಆರ್‌ಸಿಸಿ ಮನೆಗಳಲ್ಲೂ ಸಣ್ಣದಾಗಿ ಇದೇ ನಡೆಯುತ್ತದೆ. ಕೆಳಗೆ ಟೈಲ್ಸ್ ಇಲ್ಲವೇ ಶಹಾಬಾದ ಫರ್ಸಿ, ಮೇಲೆ ಸ್ಲ್ಯಾಬ್, ಒಂದು ಗೋಡೆಗೆ ಗಾಜಿನ ಶೋಕೇಸ್. ಇಂಥ ಕೋಣೆಯಲ್ಲಿ ತಾಳದ ಸದ್ದು, ಹಾಡುವವರ 'ಸ', 'ಶ' ಅಕ್ಷರಗಳು ಕಿವಿಗೆ ಚುಚ್ಚುತ್ತವೆ. ಹಳೆಯ ಮಣ್ಣಿನ ಮಾಳಿಗೆ ಮನೆ, ಬೆಳಗಾವಿ ಕಡೆಯ ಹಂಚಿನ ಮನೆ ಇದ್ದವರು ಈ ವಿಷಯದಲ್ಲಿ ಪುಣ್ಯವಂತರು. ಮಣ್ಣು, ಜಂತಿ, ಇಳಿಜಾರು ಮಾಡು ಇದ್ದಲ್ಲಿ ದನಿ ಹೀಗೆ ನೇರ ಪುಟಿಯುವುದಿಲ್ಲ.

ನಿಮ್ಮ ಕೋಣೆ ಹೇಗಿದೆ ಅಂತ ಗೊತ್ತಾಗಬೇಕಾದರೆ ನಡುವೆ ನಿಂತು ಒಂದು ಗಟ್ಟಿ ಚಪ್ಪಾಳೆ ಹೊಡೆಯಿರಿ. ಹಿಂದೆಯೇ 'ಝಣ್' ಅಂತ ಒಂದು ಎಳೆ ಕೇಳಿಸಿದರೆ, ತುಂಬಾ ಹೊಳಪಿನ ದನಿಯ ಸ್ಪೀಕರ್ ನಿಮಗೆ ಬೇಡ. ನೆಲದ ಮೇಲೆ ಒಂದು ಜಮಖಾನ ಹಾಸಿ, ಎದುರು ಗೋಡೆಗೆ ದಪ್ಪನೆಯ ಕೌದಿ ತೂಗುಹಾಕಿ, ಮತ್ತೆ ಚಪ್ಪಾಳೆ ಹೊಡೆದು ನೋಡಿ. ವ್ಯತ್ಯಾಸ ಆ ಕ್ಷಣಕ್ಕೇ ತಿಳಿಯುತ್ತದೆ. ಬಟ್ಟೆ ಹೀರುವುದು ಮೇಲಿನ ಸ್ವರಗಳನ್ನು ಮಾತ್ರ, ಬಾಸ್ ಮೇಲೆ ಅದರ ಪರಿಣಾಮ ಇಲ್ಲವೆನ್ನುವಷ್ಟು ಕಡಿಮೆ. ಆದರೂ ಮನೆಯಲ್ಲಿರುವ ಒಂದು ಕೌದಿ ಮಾಡುವ ಕೆಲಸಕ್ಕೆ ಸ್ಪೀಕರಿನಲ್ಲಿ ಐದು ಸಾವಿರ ಜಾಸ್ತಿ ಸುರಿಯಬೇಕಿಲ್ಲ.

ಬಾಸ್ ವಿಷಯ ಗೋಡೆಯದ್ದು. ಸ್ಪೀಕರ್ ಗೋಡೆಗೆ ಹತ್ತಿರವಾದಷ್ಟೂ ಬಾಸ್ ಉಬ್ಬುತ್ತದೆ, ಮೂಲೆಗೆ ತಳ್ಳಿದರೆ ಇನ್ನೂ ಉಬ್ಬುತ್ತದೆ. ಹಿಂಬದಿಗೆ ರಂಧ್ರ, ಅಂದರೆ ಪೋರ್ಟ್, ಇರುವ ಸ್ಪೀಕರಿಗೆ ಹಿಂದೆ ಒಂದು ಗೇಣಾದರೂ ಜಾಗ ಬಿಡಬೇಕು. ನೀವು ಇಡುವುದು ಗೋಡೆಯ ಗೂಡಿನಲ್ಲೋ, ಪುಸ್ತಕದ ಕಪಾಟಿನೊಳಗೋ ಆಗಿದ್ದರೆ ಸಣ್ಣ ವೂಫರಿನದ್ದೇ (ವೂಫರ್ ಅಂದರೆ ಕೆಳಗಿನ ಸ್ವರ ನುಡಿಸುವ ದೊಡ್ಡ ಭಾಗ) ಸಾಕು. ಅಲ್ಲಿ ದೊಡ್ಡದು ಬರೀ ಗುಂಯ್ ಅನ್ನುತ್ತದೆ.

ಇನ್ನೊಂದು ಮಾತು ನಮ್ಮ ಕಡೆಯ ಮನೆಗಳಿಗೆ ಬಹಳ ಮುಖ್ಯ. ಟ್ವೀಟರ್, ಅಂದರೆ ಮೇಲಿನ ಸ್ವರ ನುಡಿಸುವ ಸಣ್ಣ ಭಾಗ, ಕಿವಿಯ ಮಟ್ಟದಲ್ಲಿ ಇರಬೇಕು ಅಂತ ಎಲ್ಲರೂ ಹೇಳುತ್ತಾರೆ. ಅವರ ಲೆಕ್ಕ ಕುರ್ಚಿಯದ್ದು. ನಾವು ಗಾದಿ ಹಾಕಿಕೊಂಡು ನೆಲದ ಮೇಲೆ ಕೂತು ಕೇಳುವವರು. ಆಗ ಕಿವಿ ಇರುವುದು ಎರಡೂವರೆ ಅಡಿಯ ಆಸುಪಾಸು. ಸ್ಪೀಕರ್ ಐದಡಿ ಎತ್ತರದ ಶೋಕೇಸ್ ಮೇಲೆ ಕೂತಿದ್ದರೆ ಮೇಲಿನ ಸ್ವರವೆಲ್ಲ ತಲೆಯ ಮೇಲಿಂದ ಹಾದು ಹೋಗುತ್ತದೆ. ಸ್ಟ್ಯಾಂಡ್ ತಗ್ಗಿನದ್ದು ಮಾಡಿಸಿ. ಅದು ಆಗದಿದ್ದರೆ ಸ್ಪೀಕರಿನ ಹಿಂದಿನ ಅಂಚಿನ ಕೆಳಗೆ ರಬ್ಬರ್ ತುಂಡು ಕೊಟ್ಟು ಮುಂದಕ್ಕೆ ಬಾಗಿಸಿ, ಜಾರದ ಹಾಗೆ ನೋಡಿಕೊಳ್ಳಿ.

ಏನು ಕೇಳುತ್ತೀರಿ?

ಈ ಭಾಗದಲ್ಲಿ ಹಿಂದೂಸ್ತಾನಿ ಕೇಳುವ ಮನೆಗಳು ಹಳ್ಳಿಹಳ್ಳಿಯಲ್ಲೂ ಇವೆ. ಕುಮಾರ ಗಂಧರ್ವರು ಹುಟ್ಟಿದ ಸುಳೇಭಾವಿ ಬೆಳಗಾವಿಯ ಮಗ್ಗುಲಲ್ಲೇ ಇದೆ. ಹಾಗಾಗಿ ಗಾಯನದಿಂದಲೇ ಲೆಕ್ಕ ಹಾಕೋಣ. ಗಂಡಸರ ಷಡ್ಜ ಕಾಳಿ 1 (ಹಾರ್ಮೋನಿಯಂನ ಮೊದಲ ಕಪ್ಪು ಮನೆ) ಅಂತ ಇಟ್ಟುಕೊಂಡರೆ ಅದು ಸುಮಾರು 139 ಹರ್ಟ್ಸ್, ಅಂದರೆ ಸೆಕೆಂಡಿಗೆ ಅಷ್ಟು ಕಂಪನ. ತಂಬೂರಿಯ ಖರ್ಜದ, ಅಂದರೆ ಎಲ್ಲಕ್ಕಿಂತ ಕೆಳಗಿನ ಸ್ವರದ, ತಂತಿ ಅದರ ಅರ್ಧ, ಸುಮಾರು 69 ಹರ್ಟ್ಸ್. ಮೂರೂವರೆ-ನಾಲ್ಕು ಇಂಚಿನ ವೂಫರ್ ಇರುವ ಸ್ಪೀಕರುಗಳ ದನಿ ಇಳಿಯತೊಡಗುವುದು 70-80 ಹರ್ಟ್ಸ್ ಹತ್ತಿರ. ಅಂದರೆ ಖರ್ಜದ ಬುಡ ಸ್ವಲ್ಪ ಸಣ್ಣದಾಗುತ್ತದೆ. ಆದರೂ ಆ ತಂತಿ ಕೇಳದೇ ಹೋಗುವುದಿಲ್ಲ. ತಂಬೂರಿಯಲ್ಲಿ ಮೂಲ ಸ್ವರಕ್ಕಿಂತ ಅದರ ಮೇಲಿನ ಉಪಸ್ವರಗಳೇ ಶ್ರೀಮಂತ, ಅವುಗಳಿಂದ ಕಿವಿ ಬುಡವನ್ನು ತಾನೇ ತುಂಬಿಕೊಳ್ಳುತ್ತದೆ. ಹಾಗಾಗಿ ಗಾಯನ, ವಚನ, ಭಾವಗೀತೆ, ಭಜನೆ ಕೇಳುವವರಿಗೆ ನಾಲ್ಕು ಇಂಚಿನ ಸ್ಪೀಕರ್ ಮೋಸ ಮಾಡುವುದಿಲ್ಲ. ನಡುವಿನ ಸ್ವರ ಶುದ್ಧವಾಗಿರಬೇಕು, ಅದು ಮುಖ್ಯ. ಅದಕ್ಕೆ ಹಾರ್ಮೋನಿಯಂ ಒಳ್ಳೆಯ ಪರೀಕ್ಷೆ. ಬೆಳಗಾವಿಯ ರಾಮಭಾವು ಬಿಜಾಪುರೆಯವರ ಸೋಲೋ ಧ್ವನಿಮುದ್ರಣ ಸಿಕ್ಕರೆ ಹಾಕಿ ಕೇಳಿ. ಕೆಳಗಿನ ಮನೆಗಳಿಂದ ಮೇಲಿನ ಮನೆಗಳವರೆಗೆ ಬೆರಳು ಓಡುವಾಗ ಯಾವುದೋ ಎರಡು ಸ್ವರ ಮಾತ್ರ ಜೋರಾಗಿ ಮುಂದೆ ಬಂದರೆ ಆ ಸ್ಪೀಕರಿನಲ್ಲೋ, ಅದನ್ನು ಇಟ್ಟ ಜಾಗದಲ್ಲೋ ದೋಷವಿದೆ.

ತಬಲಾದ ಡಗ್ಗಾ, ಡೊಳ್ಳು, ಸಿನಿಮಾ ಹಾಡಿನ ಬಾಸ್ ಗಿಟಾರ್ ಬೇಕೆನ್ನುವವರಿಗೆ ಐದು ಇಂಚಿನಿಂದ ಮೇಲೆ ಬೇಕು. ಹಲಗಿಯ ಸಂಗತಿಯೇ ಬೇರೆ. ಬಾಗಲಕೋಟೆಯ ಹೋಳಿ ಹಲಗಿ ಕೇಳಿದವರಿಗೆ ಆ ಪೆಟ್ಟು ಎಷ್ಟು ಹಠಾತ್ತಾಗಿ ಏಳುತ್ತದೆ ಅಂತ ಗೊತ್ತು. ಸಣ್ಣ ಸ್ಪೀಕರಿನಲ್ಲಿ ವಾಲ್ಯೂಮ್ ಏರಿಸಿದಾಗ ಮೊದಲು ಸಾಯುವುದು ಇಂಥ ಪೆಟ್ಟೇ. ಸದ್ದು ಬರುತ್ತದೆ, ಏಟು ಬರುವುದಿಲ್ಲ.

ವಾಟ್ ಲೆಕ್ಕ

ಡಬ್ಬಿಯ ಮೇಲಿನ ವಾಟ್ ನೋಡಿ ಕೊಳ್ಳಬೇಡಿ. 'ಪಿಎಂಪಿಒ' ಅಂತ ಸಾವಿರಗಟ್ಟಲೆ ಬರೆದಿದ್ದರೆ ಅದನ್ನು ಓದಲೇಬೇಡಿ, ಆರ್‌ಎಂಎಸ್, ಅಂದರೆ ನಿರಂತರವಾಗಿ ಕೊಡಬಲ್ಲ ವಾಟ್, ಎಷ್ಟು ಅಂತ ಮಾತ್ರ ನೋಡಿ. ಈಗ ಬರುವ ಪುಟ್ಟ ಕ್ಲಾಸ್-ಡಿ ಆಂಪ್ಲಿಫೈಯರ್‌ಗಳ ಮೇಲೆ '100+100 ವಾಟ್' ಅಂತ ಇರುತ್ತದೆ. ಅದರ ಜೊತೆ ಬಂದ ಅಡಾಪ್ಟರ್ ತಿರುಗಿಸಿ ನೋಡಿ. 24 ವೋಲ್ಟ್, 4.5 ಆಂಪಿಯರ್ ಅಂತ ಇದ್ದರೆ ಗುಣಿಸಿ: 108 ವಾಟ್. ಒಳಗೆ ಹೋಗುವುದೇ 108 ಆದರೆ ಹೊರಗೆ 200 ನಿರಂತರವಾಗಿ ಹೇಗೆ ಬರುತ್ತದೆ? 8 ಓಮ್ (ಕರೆಂಟಿಗೆ ಸ್ಪೀಕರ್ ಒಡ್ಡುವ ತಡೆಯ ಅಳತೆ) ಸ್ಪೀಕರಿಗೆ ಅಂಥ ಆಂಪ್ಲಿಫೈಯರ್ ಕೊಡುವುದು ಒಂದೊಂದು ಬದಿಗೆ 30 ವಾಟ್ ಹತ್ತಿರ.

ಹಾಗಂತ ಅದು ಕೆಟ್ಟದ್ದಲ್ಲ, ಮನೆಗೆ 30 ವಾಟ್ ಧಾರಾಳ. ಸ್ಪೀಕರಿನ ಸೆನ್ಸಿಟಿವಿಟಿ 86 ಡಿಬಿ (ಡೆಸಿಬೆಲ್, ದನಿಯ ಜೋರಿನ ಅಳತೆ) ಅಂದರೆ ಸುಮಾರು ಒಂದು ವಾಟ್ ಕೊಟ್ಟಾಗ ಒಂದು ಮೀಟರ್ ದೂರದಲ್ಲಿ ಅಷ್ಟು ದನಿ ಬರುತ್ತದೆ. ಇಬ್ಬರು ಎದುರುಬದುರು ಕೂತು ಮಾತಾಡುವ ದನಿ 60 ಡಿಬಿ ಆಸುಪಾಸು. ಎಂಟು-ಹತ್ತು ಅಡಿ ದೂರ ಕೂತರೂ ಸಾಮಾನ್ಯವಾಗಿ ಕೇಳುವಾಗ ಖರ್ಚಾಗುವುದು ಒಂದೆರಡು ವಾಟ್. ಉಳಿದದ್ದು ಹಲಗಿಯ ಪೆಟ್ಟಿನಂಥ ಕ್ಷಣಕ್ಕೆ. ಸೆನ್ಸಿಟಿವಿಟಿಯಲ್ಲಿ 3 ಡಿಬಿ ಕಡಿಮೆ ಇದ್ದರೆ ಅದೇ ದನಿಗೆ ಇಮ್ಮಡಿ ವಾಟ್ ಬೇಕು. ಅದಕ್ಕೇ ವಾಟಿಗಿಂತ ಮೊದಲು ಸೆನ್ಸಿಟಿವಿಟಿ ನೋಡಿ.

ಆ್ಯಕ್ಟಿವ್ ಸ್ಪೀಕರುಗಳು

ಇವುಗಳಲ್ಲಿ ಆಂಪ್ಲಿಫೈಯರ್ ಒಳಗೇ ಇರುತ್ತದೆ. ಪ್ಲಗ್ ಹಾಕಿ, ಫೋನ್ ಇಲ್ಲವೇ ಟಿವಿಗೆ ಜೋಡಿಸಿದರೆ ಮುಗಿಯಿತು. 10,000 ರೂಪಾಯಿಯ ಹತ್ತಿರದ ಬಜೆಟ್ಟಿಗೆ ನಾನು ಹೇಳುವುದು ಇದನ್ನೇ.

ಎಡಿಫೈಯರ್ ಆರ್1280ಟಿ ಬಹಳ ಜನ ತಗೊಳ್ಳುವಂಥದ್ದು. ನಾಲ್ಕು ಇಂಚಿನ ವೂಫರ್, 13 ಮಿ.ಮೀ. ರೇಷ್ಮೆ ಗುಮ್ಮಟದ ಟ್ವೀಟರ್, ಎರಡೂ ಸೇರಿ 42 ವಾಟ್ ಆರ್‌ಎಂಎಸ್. ದನಿ ಮೆತ್ತಗೆ, ಬೆಚ್ಚಗೆ. ಟೈಲ್ಸ್ ಕೋಣೆಗೆ ಇದು ಒಳ್ಳೆಯ ಗುಣ. ಬಾಸ್, ಟ್ರೆಬಲ್ ತಿರುಗಿಸುವ ಗುಬ್ಬಿಗಳು ಬದಿಗೇ ಇವೆ. ಇದರಲ್ಲಿ ಬ್ಲೂಟೂತ್ ಇಲ್ಲ. ಅದು ಬೇಕಾದರೆ ಆರ್1280ಡಿಬಿ. ಬ್ಲೂಟೂತ್ ಜೊತೆಗೆ ಟಿವಿಯಿಂದ ಡಿಜಿಟಲ್ ದನಿ ತರುವ ಆಪ್ಟಿಕಲ್, ಕೊಯಾಕ್ಸಿಯಲ್ ಕಿಂಡಿಗಳು ಎರಡೂ ಬರುತ್ತವೆ. ಟಿವಿಗೆ ಜೋಡಿಸುವವರು ಹಣ ಸ್ವಲ್ಪ ಜಾಸ್ತಿಯಾದರೂ ಆರ್1280ಡಿಬಿ ತಗೊಳ್ಳಿ. ಬ್ಲೂಟೂತ್‌ನಲ್ಲಿ ಟಿವಿ ನೋಡಿದರೆ ತುಟಿ ಒಂದು ಕಡೆ, ಮಾತು ಒಂದು ಕಡೆ ಆಗುವ ಸಂಭವ ಇದೆ. ಆಪ್ಟಿಕಲ್ ತಂತಿ ಹಾಕಿದರೆ ಆ ರಗಳೆ ಕಡಿಮೆ. ಹಾಕಿದ ಮೇಲೆ ದನಿ ಬರದಿದ್ದರೆ ಗಾಬರಿ ಬೇಡ. ಟಿವಿಯ ಸೌಂಡ್ ಸೆಟ್ಟಿಂಗ್‌ನಲ್ಲಿ ಡಾಲ್ಬಿ ತೆಗೆದು 'ಪಿಸಿಎಂ' ಆಯ್ಕೆ ಮಾಡಿ. ಇಂಥ ಸ್ಪೀಕರುಗಳಿಗೆ ಡಾಲ್ಬಿ ಬಿಡಿಸಲು ಬರುವುದಿಲ್ಲ.

ಮೇಜಿನ ಮುಂದೆ, ಕಂಪ್ಯೂಟರಿನ ಅಕ್ಕಪಕ್ಕ ಇಟ್ಟು ಮೂರಡಿಯೊಳಗೆ ಕೇಳುವವರಿಗೆ ಬೇರೆ ಜೋಡಿಗಳಿವೆ. ಪ್ರಿಸೋನಸ್ ಎರಿಸ್ 3.5 ಮತ್ತು ಎಡಿಫೈಯರ್ ಎಂಆರ್4. ಇವೆರಡೂ ಸ್ಟುಡಿಯೋ ಮಾನಿಟರ್ ಜಾತಿಯವು, ಧ್ವನಿಮುದ್ರಣದಲ್ಲಿ ಇರುವುದನ್ನು ಇದ್ದ ಹಾಗೆ ಹೇಳುತ್ತವೆ. ಒಂದಿಂಚಿನ ಟ್ವೀಟರ್ ಇರುವುದರಿಂದ ಮೇಲಿನ ಸ್ವರ ಬಿಡಿಬಿಡಿಯಾಗಿ ಕೇಳುತ್ತದೆ. ಹಾಡು ಕಲಿಯುವ ಮಕ್ಕಳು ಮನೆಯಲ್ಲಿದ್ದರೆ ಇವುಗಳಲ್ಲಿ ಒಂದನ್ನು ತಗೊಳ್ಳಿ ಅಂತ ನಾನು ಗಟ್ಟಿಯಾಗಿ ಹೇಳುತ್ತೇನೆ. ಮೀಂಡ್, ಅಂದರೆ ಒಂದು ಸ್ವರದಿಂದ ಇನ್ನೊಂದಕ್ಕೆ ಜಾರುವ ಎಳೆ, ಎಲ್ಲಿ ಶುರುವಾಗಿ ಎಲ್ಲಿ ನಿಂತಿತು ಅಂತ ಕೇಳಿಸುವುದು ಇಂಥದ್ದರಲ್ಲಿ. ಎರಡರಲ್ಲೂ ಹೆಡ್‌ಫೋನ್ ಕಿಂಡಿ ಮುಂದೆಯೇ ಇದೆ, ರಾತ್ರಿ ರಿಯಾಜಿಗೆ ಅನುಕೂಲ. ಆದರೆ ಹತ್ತು ಅಡಿ ದೂರದ ಗಾದಿಗೆ ಇವುಗಳ ದನಿ ತೆಳುವಾಗುತ್ತದೆ. ಕೆಟ್ಟದಾಗಿ ಮುದ್ರಿಸಿದ ಹಳೇ ಕ್ಯಾಸೆಟ್ ಹಾಡುಗಳ ಕೊರತೆಯನ್ನೂ ಇವು ಮುಚ್ಚಿಡುವುದಿಲ್ಲ.

ಆ್ಯಕ್ಟಿವ್ ಸ್ಪೀಕರಿನ ದೊಡ್ಡ ಕೊರತೆ ರಿಪೇರಿ. ಒಳಗಿನ ಬೋರ್ಡ್ ಹೋದರೆ ಎರಡೂ ಪೆಟ್ಟಿಗೆ ಸುಮ್ಮನಾಗುತ್ತವೆ. ಅದೇ ಮಾದರಿಯ ಬೋರ್ಡ್ ನಮ್ಮ ಊರಿನ ರಿಪೇರಿ ಅಂಗಡಿಯಲ್ಲಿ ಸಿಗುವುದು ಕಷ್ಟ. ನಮ್ಮ ಕಡೆ ಕರೆಂಟ್ ಹೋಗಿ ಬರುವಾಗಿನ ಏಟು ಬೇರೆ. ಆದ್ದರಿಂದ ಒಂದು ಒಳ್ಳೆಯ ಸರ್ಜ್ ಪ್ರೊಟೆಕ್ಟರ್ ಬಜೆಟ್ಟಿನೊಳಗೇ ಇರಲಿ. ಮನೆಯಲ್ಲಿ ಸ್ಕ್ವೇರ್ ವೇವ್ ಇನ್ವರ್ಟರ್ ಇದ್ದರೆ, ಕರೆಂಟ್ ಹೋದಾಗ ಸ್ಪೀಕರಿನಲ್ಲಿ ಜುಯ್ ಅನ್ನುವ ಸದ್ದು ಬರಬಹುದು. ಅದು ಸ್ಪೀಕರಿನ ತಪ್ಪಲ್ಲ. ಸೈನ್ ವೇವ್ ಇನ್ವರ್ಟರ್‌ನಲ್ಲಿ ಈ ತೊಂದರೆ ಇರುವುದಿಲ್ಲ.

ಪ್ಯಾಸಿವ್ ಜೋಡಿ ಮತ್ತು ಬೇರೆ ಆಂಪ್ಲಿಫೈಯರ್

ಇಲ್ಲಿ ಸ್ಪೀಕರ್ ಬರೀ ಪೆಟ್ಟಿಗೆ, ಒಳಗೆ ವೂಫರ್, ಟ್ವೀಟರ್, ಕ್ರಾಸ್‌ಓವರ್ (ಮೇಲಿನ, ಕೆಳಗಿನ ಸ್ವರಗಳನ್ನು ಬೇರೆ ಮಾಡಿ ಹಂಚುವ ಭಾಗ) ಅಷ್ಟೇ. ಆಂಪ್ ಬೇರೆ ತರಬೇಕು. ಶುರುವಿಗೆ ಖರ್ಚು ಜಾಸ್ತಿ, ಪುಟ್ಟ ಕ್ಲಾಸ್-ಡಿ ಆಂಪ್ ಸೇರಿಸಿ 20,000 ರೂಪಾಯಿಯ ಆಸುಪಾಸಿನಿಂದ ಯೋಚಿಸಬೇಕು. ಆದರೆ ಇದು ವರ್ಷಾನುಗಟ್ಟಲೆ ಬಾಳುವ ದಾರಿ. ಆಂಪ್ ಕೆಟ್ಟರೆ ಆಂಪ್ ಮಾತ್ರ ಬದಲಾಗುತ್ತದೆ. ನಾಳೆ ಒಳ್ಳೆಯ ಆಂಪ್ ಬಂದರೆ ಅದೇ ಸ್ಪೀಕರಿಗೆ ಜೋಡಿಸಬಹುದು. ಸ್ಪೀಕರಿನ ಕಾಯಿಲ್ ಸುಟ್ಟರೂ ಅದನ್ನು ಕಟ್ಟಿಕೊಡುವ ಕೈಗಳು ಇನ್ನೂ ನಮ್ಮ ಊರುಗಳಲ್ಲಿ ಇವೆ.

ಪೋಲ್ಕ್ ಟಿ15 ಈ ದಾರಿಯ ಮೊದಲ ಮೆಟ್ಟಿಲು. ಐದೂಕಾಲು ಇಂಚಿನ ವೂಫರ್, 8 ಓಮ್, 89 ಡಿಬಿ. ಸಣ್ಣ ಆಂಪ್ ಕೊಟ್ಟರೂ ಸಲೀಸಾಗಿ ಹಾಡುತ್ತದೆ. ಡಗ್ಗಾಕ್ಕೆ ಮೈ ಬರುತ್ತದೆ. ಮೇಲಿನ ಸ್ವರದ ನಾಜೂಕು ಸ್ವಲ್ಪ ಕಡಿಮೆ. ಆದರೆ ಫರ್ಸಿ ಕೋಣೆಯಲ್ಲಿ ಅದೇ ಒಂದು ರೀತಿ ಅನುಕೂಲ.

ಜೆಬಿಎಲ್ ಸ್ಟೇಜ್ ಎ130 ಕೂಡ ಐದೂಕಾಲು ಇಂಚಿನದ್ದೇ. ಅಲ್ಯೂಮಿನಿಯಂ ಟ್ವೀಟರ್, 6 ಓಮ್, 86 ಡಿಬಿ. ಮೇಲೆ ಹೇಳಿದ ಲೆಕ್ಕದ ಪ್ರಕಾರ ಇದಕ್ಕೆ ಪೋಲ್ಕ್‌ಗಿಂತ ಗಟ್ಟಿ ಆಂಪ್ ಬೇಕು. ಸಿನಿಮಾ ಹಾಡು, ವಾದ್ಯವೃಂದ, ಹಲಗಿ ಮಜಲು ಕೇಳುವವರಿಗೆ ಇದರ ಚುರುಕು ಇಷ್ಟವಾಗುತ್ತದೆ. ನನ್ನ ಕಿವಿಗೆ ಇದು ಹೊಳಪಿನ ಕಡೆ ವಾಲುವ ಸ್ಪೀಕರ್. ಚಪ್ಪಾಳೆ ಪರೀಕ್ಷೆಯಲ್ಲಿ ನಿಮ್ಮ ಕೋಣೆ ಝಣ್ ಅಂದಿದ್ದರೆ, ಕೌದಿ-ಜಮಖಾನ ಹಾಕದೆ ಇದನ್ನು ತರಬೇಡಿ. ಪೋರ್ಟ್ ಹಿಂಬದಿಗಿದೆ, ಗೂಡಿನಲ್ಲಿ ತುರುಕಲೂಬೇಡಿ.

ವಾರ್ಫ್‌ಡೇಲ್ ಡೈಮಂಡ್ 12.1 ಈ ಪಟ್ಟಿಯಲ್ಲಿ ದುಬಾರಿ. 1932ರಲ್ಲಿ ಇಂಗ್ಲೆಂಡಿನ ಯಾರ್ಕ್‌ಶೈರ್‌ನಲ್ಲಿ ಶುರುವಾದ ಕಂಪನಿ. ಐದು ಇಂಚಿನ ವೂಫರ್, 88 ಡಿಬಿ. ಮನುಷ್ಯರ ಕಂಠ ಇದರಲ್ಲಿ ಬಂದಷ್ಟು ಸಹಜವಾಗಿ ಇಲ್ಲಿ ಹೇಳಿದ ಬೇರೆ ಯಾವುದರಲ್ಲೂ ಬರುವುದಿಲ್ಲ ಎಂಬುದು ನನ್ನ ಅಭಿಪ್ರಾಯ. ವಿಲಂಬಿತ ಖಯಾಲ್ ಹಾಕಿ ಒಂದು ಗಂಟೆ ಕೂತರೂ ಕಿವಿ ದಣಿಯುವುದಿಲ್ಲ. ಶಾಸ್ತ್ರೀಯ ಸಂಗೀತವೇ ಮುಖ್ಯ, ದಿನಾ ಕೂತು ಕೇಳುತ್ತೇನೆ ಅನ್ನುವವರು ಒಂದು ವರ್ಷ ಕಾದು ಹಣ ಕೂಡಿಸಿದರೂ ಇದನ್ನೇ ತರಲಿ. ಈಗ ಸಣ್ಣ ಆಂಪ್ ಹಾಕಿಕೊಂಡು, ಆಮೇಲೆ ಯಮಹಾ ಎ-ಎಸ್201 ಥರದ ದೊಡ್ಡ ಆಂಪ್ ಸೇರಿಸಬಹುದು.

ತಂತಿಗೆ ಹೆಚ್ಚು ದುಡ್ಡು ಹಾಕಬೇಡಿ. ಐದಾರು ಮೀಟರಿನೊಳಗೆ 1.5 ಸ್ಕ್ವೇರ್ ಎಂಎಂ ತಾಮ್ರದ ತಂತಿ ಸಾಕು, ಎಲೆಕ್ಟ್ರಿಕಲ್ ಅಂಗಡಿಯಲ್ಲೇ ಸಿಗುತ್ತದೆ.

ಸೌಂಡ್‌ಬಾರ್, ಅಸೆಂಬಲ್ ಸೆಟ್, ಹಳೇ ಸ್ಪೀಕರ್

ಸೌಂಡ್‌ಬಾರ್ ಸೀರಿಯಲ್, ಸುದ್ದಿ, ಕ್ರಿಕೆಟ್‌ಗೆ ಸರಿ. ಹಾಡಿಗೆ ಬೇಡ. ಎಡ-ಬಲ ದನಿ ಬಿಡಿಸಿ ಹರಡುವಷ್ಟು ಅಗಲ ಅದಕ್ಕಿಲ್ಲ.

ಊರಿನ ಅಂಗಡಿಯಲ್ಲಿ ಕಟ್ಟಿಸುವ ಅಸೆಂಬಲ್ ಆಂಪ್ ಮತ್ತು ಪ್ಲೈವುಡ್ ಪೆಟ್ಟಿಗೆಗಳ ಬಗ್ಗೆ ಹಗುರವಾಗಿ ಮಾತಾಡುವುದು ನನಗೆ ಇಷ್ಟವಿಲ್ಲ. ಕಡಿಮೆ ದುಡ್ಡಿಗೆ ಅಷ್ಟು ಜೋರು ಬೇರೆ ಎಲ್ಲೂ ಸಿಗುವುದಿಲ್ಲ, ಕೆಟ್ಟರೆ ಅದೇ ದಿನ ರಿಪೇರಿ. ಗಣಪತಿ ಹಬ್ಬಕ್ಕೆ, ಅಂಗಳದಲ್ಲಿ ನಾಲ್ಕು ಜನ ಸೇರಿದಾಗ ಅದೇ ಸರಿ. ಆದರೆ ಬಹಳಷ್ಟು ಪೆಟ್ಟಿಗೆಗಳಲ್ಲಿ ಟ್ವೀಟರಿಗೆ ಒಂದು ಕೆಪ್ಯಾಸಿಟರ್ ಹಾಕಿ ಬಿಟ್ಟಿರುತ್ತಾರೆ, ಸರಿಯಾದ ಕ್ರಾಸ್‌ಓವರ್ ಇರುವುದಿಲ್ಲ. ವೂಫರ್ ತನ್ನದಲ್ಲದ ಸ್ವರವನ್ನೂ ನುಡಿಸುತ್ತದೆ, ಕಂಠ ಒರಟಾಗುತ್ತದೆ. ಕಟ್ಟಿಸುವುದೇ ಆದರೆ ಕ್ರಾಸ್‌ಓವರ್ ಹಾಕಿಕೊಡಿ ಅಂತ ಬಾಯಿಬಿಟ್ಟು ಕೇಳಿ.

ಹಳೇ ಪ್ಯಾಸಿವ್ ಜೋಡಿ ಸಿಕ್ಕರೆ ವೂಫರಿನ ಸುತ್ತಲಿನ ಅಂಚು ಮುಟ್ಟಿ ನೋಡಿ. ರಬ್ಬರ್ ಆಗಿದ್ದರೆ ಒಳ್ಳೇದು. ಫೋಮ್ ಆಗಿದ್ದು ಬೆರಳಿಗೆ ಪುಡಿ ಹತ್ತಿದರೆ ಬಿಟ್ಟುಬಿಡಿ. ಬೆಳಗಾವಿಯ ಮಳೆಗಾಲದ ತೇವ, ವಿಜಯಪುರದ 40 ಡಿಗ್ರಿ ದಾಟುವ ಬಿಸಿಲು, ಎರಡೂ ಫೋಮಿಗೆ ಆಗುವುದಿಲ್ಲ. ಆಮೇಲೆ ವೂಫರಿನ ಕೋನಿನ (ಅಲುಗುವ ಶಂಕುವಿನ) ಎರಡೂ ಬದಿಗೆ ಬೆರಳಿಟ್ಟು ಮೆಲ್ಲಗೆ ಸಮನಾಗಿ ಒಳಗೆ ಒತ್ತಿ. ಕರಕರ ಅಂದರೆ ಕಾಯಿಲ್ ಒಳಗೆ ತಿಕ್ಕುತ್ತಿದೆ ಅಂತ ಅರ್ಥ.

ಯಾರಿಗೆ ಯಾವುದು?

ಬಾಡಿಗೆ ಮನೆ, 10-12 ಅಡಿಯ ಕೋಣೆ, ಟಿವಿಯೂ ಅದೇ ಸ್ಪೀಕರಿನಲ್ಲಿ ಬರಬೇಕು ಅನ್ನುವವರು ಆರ್1280ಡಿಬಿ ತಗೊಂಡು ನಿಶ್ಚಿಂತೆಯಿಂದ ಇರಿ. ಮೇಜಿನ ಮುಂದೆ ಕೂತು ಕೇಳುವ ಕಾಲೇಜು ಹುಡುಗರಿಗೆ, ಸಂಗೀತ ಕಲಿಯುವವರಿಗೆ ಎಂಆರ್4. ಜಾಗ ಇನ್ನೂ ಸಣ್ಣದಿದ್ದರೆ ಎರಿಸ್. ಸ್ವಂತ ಮನೆ, ದೊಡ್ಡ ಪಡಸಾಲೆ, ಮನೆಮಂದಿಯೆಲ್ಲ ಕೂತು ಕೇಳುವವರು ಆ್ಯಕ್ಟಿವ್ ಕಡೆ ನೋಡಲೇಬೇಡಿ. ಟಿ15 ಮತ್ತು ಒಂದು ಸಣ್ಣ ಆಂಪ್‌ನಿಂದ ಶುರು ಮಾಡಿ. ಟಿ15 ಮತ್ತು ಎ130 ನಡುವೆ ಮನಸ್ಸು ಹೊಯ್ದಾಡುತ್ತಿದ್ದರೆ ಕೋಣೆಯನ್ನೇ ಕೇಳಿ. ಪರದೆ, ಗಾದಿ, ಪುಸ್ತಕ ತುಂಬಿದ ಕೋಣೆಗೆ ಎ130, ಬೋಳು ಕೋಣೆಗೆ ಟಿ15. ಬಜೆಟ್ 8,000 ದಾಟುವುದಿಲ್ಲ ಅನ್ನುವವರು ಆರ್1280ಟಿ ಬೆಲೆ ಹಬ್ಬದ ಸೇಲ್‌ನಲ್ಲಿ ಇಳಿಯುವುದನ್ನು ಕಾಯಿರಿ. ಹೆಸರಿಲ್ಲದ ಟವರ್ ಸ್ಪೀಕರಿಗೆ ಆ ದುಡ್ಡು ಕೊಡಬೇಡಿ.

ಸ್ಪೀಕರ್ ಮನೆಗೆ ಬಂದ ದಿನವೇ ಮಾಡಬೇಕಾದ ಒಂದು ಪರೀಕ್ಷೆ ಇದೆ. ಬೀಳಗಿಯ ಅಮೀರಬಾಯಿ ಕರ್ನಾಟಕಿಯವರ 1940ರ ದಶಕದ ಯಾವುದಾದರೂ ಹಾಡು ಹಾಕಿ. ಅವೆಲ್ಲ ಮೊನೊ ಮುದ್ರಣ, ಎರಡೂ ಸ್ಪೀಕರಿನಿಂದ ಒಂದೇ ದನಿ ಬರುತ್ತದೆ. ಎರಡರಿಂದಲೂ ಸಮ ದೂರದಲ್ಲಿ ಕೂತರೆ ಅವರ ಕಂಠ ಎರಡರ ನಟ್ಟನಡುವೆ, ಏನೂ ಇಲ್ಲದ ಜಾಗದಿಂದ ಬರಬೇಕು. ಒಂದು ಬದಿಗೆ ಎಳೆದರೆ ಗೋಡೆಯ ಅಂತರ ಸಮ ಮಾಡಿ. ಎಲ್ಲಿಂದ ಬರುತ್ತಿದೆ ಅಂತಲೇ ತಿಳಿಯದೆ ಹರಡಿಕೊಂಡು, ಬಾಸ್ ಕೂಡ ಮಾಯವಾಗಿದ್ದರೆ ಒಂದು ಸ್ಪೀಕರಿನ ಕೆಂಪು-ಕಪ್ಪು ತಂತಿ ಅದಲುಬದಲಾಗಿದೆ, ತಿರುಗಿಸಿ ಹಾಕಿ. ಇಷ್ಟಾದರೂ ಒಂದೇ ಬದಿಗೆ ಎಳೆಯುತ್ತಿದ್ದರೆ ಎಡ-ಬಲ ಸ್ಪೀಕರುಗಳ ಜಾಗ ಬದಲಿಸಿ ನೋಡಿ. ಎಳೆತವೂ ಸ್ಪೀಕರಿನ ಜೊತೆಗೇ ಜಾಗ ಬದಲಿಸಿದರೆ ದೋಷ ಸ್ಪೀಕರಿನದ್ದು, ಹಿಂದಿರುಗಿಸಿ. ಅದಕ್ಕಾಗಿ ಡಬ್ಬಿ, ಥರ್ಮಾಕೋಲ್, ಬಿಲ್ ಎಲ್ಲವೂ ವಾಪಸಾತಿ ಅವಧಿ ಮುಗಿಯುವವರೆಗೆ ಅಟ್ಟದ ಮೇಲೆ ಇರಲಿ.